ಹೊರಗೆ ಹೋದ ಕೋಣೆ ಒಳಗೆ ಬಾರದಾಗ

ನಮ್ಮ ಕಾಯಕದಲ್ಲಿ ಆದ ಒಂದು ತಪ್ಪನ್ನು ಶರಣ ಬಂಧುಗಳ ಮುಂದೆ ಒಪ್ಪಿಕೊಳ್ಳುವ ಸಲುವಾಗಿ ಈ ಲೇಖನವನ್ನು ಬರೆಯುತ್ತಿದ್ದೇವೆ. ನಾವು ದಂಪತಿಗಳು ಬೆಂಗಳೂರಿನ ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶದಲ್ಲಿ ಹೈಡ್ರಾಲಿಕ್ ಸಿಲಿಂಡರುಗಳನ್ನು ದುರಸ್ತಿ ಮಾಡುವ ಚಿಕ್ಕದೊಂದು ಶೆಡ್ಡು ಇಟ್ಟುಕೊಂಡು ಮೂರು ದಶಕಗಳಾಗುತ್ತ ಬಂದವು. ನಮ್ಮಲ್ಲಿ ಒಬ್ಬರು ಕೈಗೆ ಎಣ್ಣೆ ಮೆತ್ತಿಕೊಳ್ಳುವವರು, ಇನ್ನೊಬ್ಬರು ಬಿಲ್ಲು ಬರೆದು ಲೆಕ್ಕ ಇಡುವವರು. ಮಾಡಿದ ಕೆಲಸ ಮರಳಿ ಬಾರದಂತೆ ಮಾಡುತ್ತೇವೆಂಬ ಹೆಮ್ಮೆ ನಮಗಿತ್ತು. 2022ರ ಶ್ರಾವಣದಲ್ಲಿ ಆ ಹೆಮ್ಮೆ ಕೂಡಲಸಂಗಮದ ಮಳೆಯಲ್ಲಿ ತೊಯ್ದು ಹೋಯಿತು. ನಮ್ಮ ಕೈಯಿಂದ ದುರಸ್ತಿಯಾಗಿ ಹೋದ ವಾಹನವೊಂದು ಅಲ್ಲಿ ಕದಲದೆ ನಿಂತಿತ್ತು. ಅದರೊಳಗೆ ಎಂಬತ್ತು ದಾಟಿದ ತಾಯಿಯೊಬ್ಬರು ಮಲಗಿದ್ದರು.

ಮೊದಲು ಆ ವಾಹನದ ಪರಿಚಯ ಹೇಳಬೇಕು. ಧಾರವಾಡ ಸೀಮೆಯ ಗೃಹಸ್ಥರೊಬ್ಬರು ಹಳೆಯ ಮಿನಿ ಬಸ್ಸೊಂದನ್ನು ಕೊಂಡು, ಅದಕ್ಕೆ ಮಲಗುವ ಮಂಚ, ಪುಟ್ಟ ಅಡಿಗೆಯ ಕಟ್ಟೆ, ನೀರಿನ ತೊಟ್ಟಿ ಎಲ್ಲವನ್ನೂ ಜೋಡಿಸಿ ಮನೆಬಂಡಿಯನ್ನಾಗಿ ಮಾಡಿಸಿದ್ದರು. ತಾಯಿಯವರಿಗೆ ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಗಿತ್ತು. ಕಾರಿನಲ್ಲಿ ಕುಳಿತು ದೂರ ಪ್ರಯಾಣ ಮಾಡುವಂತಿರಲಿಲ್ಲ. ಆದರೆ ಕೂಡಲಸಂಗಮ, ಬಸವಕಲ್ಯಾಣ, ಉಳವಿ ಇವನ್ನೆಲ್ಲ ಇನ್ನೊಮ್ಮೆ ಕಣ್ತುಂಬ ನೋಡಬೇಕೆಂಬ ಹಂಬಲ ಅವರದು. ಮಲಗಿಕೊಂಡೇ ಹೋಗಲಿ ಎಂದು ಮಗ ಈ ಏರ್ಪಾಡು ಮಾಡಿದರು. ವಾಹನದ ಒಳಗೆ ಗಾಲಿಕುರ್ಚಿ ತಿರುಗಲು ಜಾಗ ಸಾಲದು. ಆದ್ದರಿಂದ ಎಡಮಗ್ಗುಲಿನ ಒಂದು ಭಾಗವನ್ನು, ಮಂಚದ ಸಮೇತ, ನಿಂತಲ್ಲಿ ಹೊರಗೆ ಚಾಚಿಕೊಳ್ಳುವ ಹಾಗೆ ಕಟ್ಟಿಸಿದ್ದರು. ಗುಂಡಿ ಒತ್ತಿದರೆ ಕೋಣೆಯು ಮೇಜಿನ ಅರೆಯಂತೆ ಎರಡೂವರೆ ಅಡಿ ಹೊರಗೆ ಸರಿಯುತ್ತದೆ. ಹೊರಡುವಾಗ ಮತ್ತೆ ಒಳಗೆ ಸೇರುತ್ತದೆ. ಅಮೆರಿಕದಲ್ಲಿ ಇದು ಬಹಳ ಬಳಕೆಯಲ್ಲಿದೆ. ಇಂಡಿಯಾನಾ ರಾಜ್ಯದ ನ್ಯೂಮಾರ್ ಎಂಬ ಕಂಪನಿ 1990ರಲ್ಲಿ ತನ್ನ ಮನೆಬಂಡಿಗಳಿಗೆ ಇಂಥ ಜಾರುಕೋಣೆಯನ್ನು ಅಳವಡಿಸಿದ ಮೇಲೆ ಉಳಿದವರೂ ಅದೇ ದಾರಿ ಹಿಡಿದರು. ನಮ್ಮಲ್ಲಿ ಸಿನಿಮಾ ನಟರ ವಿಶ್ರಾಂತಿ ವಾಹನಗಳಲ್ಲಿ ಅದನ್ನು ಕಾಣಬಹುದು.

ಹೆಸರು ಹೊಸದಾದರೂ ಮನೆಬಂಡಿ ನಮ್ಮ ಸಮಾಜಕ್ಕೆ ಹೊಸದೇನಲ್ಲ. ಉಳವಿ ಚನ್ನಬಸವಣ್ಣನವರ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ಭಕ್ತರು ಇಂದಿಗೂ ಎತ್ತಿನ ಚಕ್ಕಡಿ ಹೂಡಿಕೊಂಡು, ಅದರಲ್ಲೇ ರೊಟ್ಟಿಬುತ್ತಿ, ಅದರಲ್ಲೇ ಹಾಸಿಗೆ ಇಟ್ಟುಕೊಂಡು ಕಾಡುದಾರಿ ಹಿಡಿದು ಹೋಗುತ್ತಾರೆ. ಈ ತಾಯಿಯವರೂ ಮದುವೆಯಾದ ಹೊಸತರಲ್ಲಿ ಹಾಗೆ ಹೋದವರು. ಒಂದು ವ್ಯತ್ಯಾಸವೆಂದರೆ, ಚಕ್ಕಡಿಗೆ ಏನಾದರೂ ಆದರೆ ಅದರ ಒಡೆಯನಿಗೇ ಕೆಟ್ಟದ್ದು ಎಲ್ಲಿ ಎಂದು ಕಾಣುತ್ತಿತ್ತು.

ಮಗನ ಮಗ ವೈಟ್‌ಫೀಲ್ಡ್ ಕಡೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಉದ್ಯೋಗದಲ್ಲಿದ್ದು, ನಮ್ಮ ಶೆಡ್ಡಿಗೆ ಹತ್ತಿರದಲ್ಲೇ ಮನೆ ಮಾಡಿಕೊಂಡಿದ್ದ. ಅವನ ಮೂಲಕ ವಾಹನ ನಮ್ಮಲ್ಲಿಗೆ ಬಂದಿತು. ಈ ಪ್ರದೇಶಕ್ಕೂ ಹೈಡ್ರಾಲಿಕ್ ವಿದ್ಯೆಗೂ ನಂಟು ಹಳೆಯದು. 1976ರಲ್ಲಿ ಸ್ಥಾಪನೆಯಾದ ಯೂಕೆನ್ ಇಂಡಿಯಾ ಹೈಡ್ರಾಲಿಕ್ ಪಂಪು, ವಾಲ್ವುಗಳನ್ನು ತಯಾರಿಸುತ್ತ ಬಂದದ್ದು ಈ ವೈಟ್‌ಫೀಲ್ಡ್ ರಸ್ತೆಯ ಆಸುಪಾಸಿನಲ್ಲಿಯೇ. ಅತ್ತ ಪೀಣ್ಯದಲ್ಲಿ ಡೈನಮ್ಯಾಟಿಕ್‌ನವರು ಟ್ರಾಕ್ಟರುಗಳ ಹೈಡ್ರಾಲಿಕ್ ಪಂಪುಗಳನ್ನು ಮಾಡಿ ಹೆಸರಾದರು. ಇಂಥ ದೊಡ್ಡ ಮರಗಳ ನೆರಳಿನಲ್ಲಿ ನಮ್ಮಂಥ ಸಣ್ಣ ಶೆಡ್ಡುಗಳು ಬೇರುಬಿಟ್ಟವು. ರಾಡು ಉಜ್ಜುವುದು, ಬ್ಯಾರಲ್ಲು ಹೋನಿಂಗ್ ಮಾಡುವುದು, ಸೀಲು ಬದಲಿಸುವುದು ನಮಗೆ ದಿನನಿತ್ಯದ ಕೆಲಸ. ಕೆಟ್ಟ ಅಭ್ಯಾಸ ಹುಟ್ಟಿದ್ದೂ ಅಲ್ಲಿಯೇ. ಯಾವ ಯಂತ್ರ ಬಂದರೂ ಅದರ ರೋಗ ಸಿಲಿಂಡರಿನಲ್ಲಿದೆ ಎಂದು ನಮ್ಮ ಕಣ್ಣು ಮೊದಲೇ ತೀರ್ಮಾನಿಸಿಬಿಡುತ್ತದೆ.

ಗೃಹಸ್ಥರು ತಮ್ಮ ತೊಂದರೆಯನ್ನು ಸ್ಪಷ್ಟವಾಗಿಯೇ ಹೇಳಿದ್ದರು. ಕೋಣೆ ಹೊರಗೆ ಹೋಗುವಾಗ ಸಲೀಸು. ಒಳಗೆ ಬರುವಾಗ ತಡೆತಡೆದು ಬರುತ್ತದೆ. ರಾತ್ರಿಯ ವೇಳೆ ಹೆಚ್ಚು, ಹಗಲು ಕಡಿಮೆ. ಆ ಕೊನೆಯ ಮಾತನ್ನು ಕಿವಿಗೊಟ್ಟು ಕೇಳಿದ್ದರೆ ಈ ಲೇಖನದ ಅಗತ್ಯವೇ ಬೀಳುತ್ತಿರಲಿಲ್ಲ. ಸಿಲಿಂಡರಿನ ಸೀಲಿಗೆ ಹಗಲು ರಾತ್ರಿ ಗೊತ್ತಾಗುವುದಿಲ್ಲ. ರಾತ್ರಿ ಎಂದರೆ ದೀಪ, ಫ್ಯಾನು ಉರಿಯುತ್ತಿರುತ್ತವೆ, ಎಂಜಿನ್ ಆರಿರುತ್ತದೆ, ಬ್ಯಾಟರಿಯ ಮೇಲೆ ಭಾರ ಬಿದ್ದಿರುತ್ತದೆ. ನಾವಾದರೋ "ಸೀಲು ಹೋಗಿದೆ" ಎಂದು ಒಂದೇ ಉಸಿರಿನಲ್ಲಿ ಹೇಳಿ ಎರಡೂ ಸಿಲಿಂಡರುಗಳನ್ನು ಇಳಿಸಿಬಿಟ್ಟೆವು.

ಇಲ್ಲಿ ಹೈಡ್ರಾಲಿಕ್ಕಿನ ತತ್ವವನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ; ಟ್ರಾಕ್ಟರಿನ ಟ್ರೈಲರ್ ಇಟ್ಟುಕೊಂಡ ರೈತ ಬಂಧುಗಳಿಗೂ ಇದರಿಂದ ಉಪಯೋಗವಾದೀತು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಹದಿನೇಳನೆಯ ಶತಮಾನದಲ್ಲಿ ಪ್ಯಾಸ್ಕಲ್ ಎಂಬ ಫ್ರೆಂಚ್ ಪಂಡಿತ ಕಂಡುಕೊಂಡ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಅದೇ ತತ್ವದ ಮೇಲೆ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. ನಮ್ಮ ವಾಹನದ ಸಿಲಿಂಡರಿನ ಒಳವ್ಯಾಸ 50 ಮಿಲಿಮೀಟರ್. ಅಂದರೆ ಪಿಸ್ಟನ್ನಿನ ಮುಖ 19.6 ಚದರ ಸೆಂಟಿಮೀಟರ್. 100 ಬಾರ್ ಒತ್ತಡದ ಎಣ್ಣೆ ಅದನ್ನು ತಳ್ಳಿದರೆ ಹೆಚ್ಚುಕಡಿಮೆ 2 ಟನ್ ಭಾರವನ್ನು ಸರಿಸುವ ಬಲ ಬರುತ್ತದೆ. ಇದು ಹೊರಗೆ ತಳ್ಳುವಾಗಿನ ಲೆಕ್ಕ. ಒಳಗೆ ಎಳೆಯುವಾಗ ಎಣ್ಣೆಯು ರಾಡು ಇರುವ ಬದಿಗೆ ಹೋಗುತ್ತದೆ. ರಾಡು 30 ಮಿಲಿಮೀಟರ್ ದಪ್ಪ. ಅಷ್ಟು ಜಾಗವನ್ನು ಅದೇ ತಿಂದುಬಿಡುವುದರಿಂದ ಎಣ್ಣೆಗೆ ಉಳಿಯುವುದು 12.6 ಚದರ ಸೆಂಟಿಮೀಟರ್ ಮಾತ್ರ. ಆದ್ದರಿಂದ ಅದೇ ಕೋಣೆಯನ್ನು ಒಳಗೆ ಎಳೆಯಲು ಒಂದೂವರೆ ಪಟ್ಟಿಗಿಂತ ಹೆಚ್ಚು ಒತ್ತಡ ಬೇಕು. ಪಂಪಿನ ಶಕ್ತಿ ಯಾವ ಕಾರಣದಿಂದ ಕುಗ್ಗಿದರೂ ಅದು ಮೊದಲು ಕಾಣಿಸಿಕೊಳ್ಳುವುದು ಒಳಗೆ ಬರುವಾಗಲೇ. ಹೊರಗೆ ಹೋಗುವಾಗ ಸುಳಿವೇ ಸಿಗುವುದಿಲ್ಲ. ಮನೆ ಬಿಟ್ಟು ಹೋಗುವ ಮಕ್ಕಳ ಹಾಗೆ ಎಂದು ಲೆಕ್ಕ ಇಡುವವರು ಆಮೇಲೆ ನಗೆಯಾಡಿದ್ದುಂಟು.

ಸೀಲು ನಿಜವಾಗಿ ಹೋಗಿದೆಯೇ ಎಂದು ತಿಳಿಯಲು ಸಿಲಿಂಡರನ್ನು ಬಿಚ್ಚಲೇಬೇಕಾಗಿಲ್ಲ. ರಾಡನ್ನು ಪೂರ್ತಿ ಹೊರಗೆ ಚಾಚಿ, ಮೋಟಾರು ನಿಲ್ಲಿಸಿ, ಒತ್ತಡ ಇಳಿಸಿದ ಮೇಲೆ, ಮರಳಿ ಹೋಗುವ ಹೋಸನ್ನು ಬಿಚ್ಚಿ ಒಂದು ಡಬ್ಬಿಗೆ ಬಿಟ್ಟು, ಬಿಚ್ಚಿದ ವಾಲ್ವಿನ ಬಾಯಿಗೆ ಪ್ಲಗ್ಗು ಹಾಕಿ, ಮತ್ತೆ ಅದೇ ದಿಕ್ಕಿಗೆ ಪಂಪು ಓಡಿಸಬೇಕು. ಪಿಸ್ಟನ್ನಿನ ಸೀಲು ಗಟ್ಟಿಯಾಗಿದ್ದರೆ ಡಬ್ಬಿಗೆ ಎಣ್ಣೆ ಬಾರದು. ಧಾರೆ ಕಟ್ಟಿ ಬಂದರೆ ಸೀಲು ಸತ್ತಿದೆ ಎಂದರ್ಥ. ಹತ್ತು ನಿಮಿಷದ ಕೆಲಸ. ಇದನ್ನು ಹುಡುಗರಿಗೆ ನಾವೇ ಕಲಿಸಿದವರು. ಆ ದಿನ ನಾವೇ ಮಾಡಲಿಲ್ಲ. ಬಿಚ್ಚಿ ನೋಡಿದಾಗ ಸೀಲುಗಳು ಒಂದಿಷ್ಟು ಸವೆದಿದ್ದವು. ಎರಡು ವರ್ಷ ದುಡಿದ ಸೀಲು ಸವೆಯದೆ ಇರುತ್ತದೆಯೇ? "ನೋಡಿ, ನಾವು ಹೇಳಲಿಲ್ಲವೇ" ಎಂದು ಅದನ್ನು ಗೃಹಸ್ಥರ ಮೊಮ್ಮಗನಿಗೆ, ಅಲ್ಲಲ್ಲ, ಮಗನಿಗೆ ತೋರಿಸಿ ಹೊಸ ಸೀಲು ಹಾಕಿ, ಎಣ್ಣೆ ಬದಲಿಸಿ, ಪರೀಕ್ಷೆ ಮಾಡಿದೆವು. ಕೋಣೆ ಹತ್ತು ಸಲ ಹೊರಗೆ ಹೋಗಿ ಹತ್ತು ಸಲ ಒಳಗೆ ಬಂತು.

ಆಗ ಬಿಲ್ಲು ಬರೆಯುತ್ತಿದ್ದವರು ಒಂದು ಮಾತು ಕೇಳಿದರು: "ಎಂಜಿನ್ ಆಫ್ ಮಾಡಿ ಒಂದು ಸಲ ನೋಡಬಾರದೇನ್ರೀ?" ಶೆಡ್ಡಿನಲ್ಲಿ ಬ್ಯಾಟರಿ ಇಳಿಯಬಾರದೆಂದು ಎಂಜಿನ್ ಓಡುತ್ತಲೇ ಇತ್ತು; ಸಾಲದ್ದಕ್ಕೆ ನಮ್ಮ ಚಾರ್ಜರನ್ನೂ ಹಾಕಿದ್ದೆವು. "ಎಣ್ಣೆಯ ಕೆಲಸಕ್ಕೂ ಎಂಜಿನ್ನಿಗೂ ಏನು ಸಂಬಂಧ, ನೀವು ಬಿಲ್ಲು ಬರೀರಿ" ಎಂಬ ಉತ್ತರ ಬಂತು. ಬಿಲ್ಲು ಬರೆಯಲಾಯಿತು. ಹಣವೂ ಬಂತು.

ಶ್ರಾವಣದ ಒಂದು ಭಾನುವಾರ ರಾತ್ರಿ ಊಟಕ್ಕೆ ಕುಳಿತಿದ್ದಾಗ ದೂರವಾಣಿ ಬಂದಿತು.

"ಶರಣ್ರೀ. ಕೋಣಿ ಹೊರಗ ಹೋಗೇತಿ, ಒಳಗ ಬರವಲ್ದು. ನಿನ್ನಿ ಸಂಜಿಯಿಂದ ಹಿಂಗ ನಿಂತೇತಿ. ಅವ್ವ ಒಳಗ ಮಲಗ್ಯಾಳ."

ಕೂಡಲಸಂಗಮದಲ್ಲಿ ಮಳೆ ಹಿಡಿದಿತ್ತು. ಹೊರಗೆ ಚಾಚಿದ ಕೋಣೆಯ ಅಂಚಿನ ರಬ್ಬರಿನ ಸಂದಿಯಿಂದ ಇರಚಲು ಒಳಗೆ ಬಂದು ತಾಯಿಯವರ ಹಾಸಿಗೆಯ ಕಾಲ್ದೆಸೆ ತೊಯ್ದಿತ್ತು. ಮಂಗಳವಾರ ಹುಬ್ಬಳ್ಳಿಯಲ್ಲಿ ವೈದ್ಯರಿಗೆ ಸೊಂಟವನ್ನು ತೋರಿಸಬೇಕಿತ್ತು. ಕೋಣೆ ಹೊರಗಿರುವಾಗ ವಾಹನ ಹೊರಡಿಸುವ ಮಾತೇ ಇಲ್ಲ. ರಸ್ತೆಯ ಮೇಲಿನ ವಾಹನದ ಅಗಲ 2.6 ಮೀಟರ್ ಮೀರಬಾರದೆಂಬುದು ಕೇಂದ್ರ ಮೋಟಾರು ವಾಹನ ನಿಯಮ. ನಿಯಮ ಹಾಗಿರಲಿ, ಮೊದಲ ಮರಕ್ಕೇ ಕೋಣೆ ಕಿತ್ತುಹೋದೀತು.

ಎಂಜಿನ್ ಓಡಿಸಿ ನೋಡಿದಿರಾ ಎಂದು ಕೇಳಿದೆವು. ನೋಡಿದ್ದರು; ಒಂದು ಗೇಣು ಬಂದು ನಿಂತಿತ್ತಂತೆ. ಎಣ್ಣೆ ಕಡಿಮೆಯಾಗಿರಬೇಕೆಂದು ಚಾಲಕ ನಾವು ಕೊಟ್ಟಿದ್ದ ಡಬ್ಬಿಯ ಎಣ್ಣೆಯನ್ನೆಲ್ಲ ಟ್ಯಾಂಕಿಗೆ ಸುರಿದಿದ್ದ. ಅದೂ ಸಾಲದೆಂದು ಬ್ರೇಕ್ ಆಯಿಲ್ ಸೀಸೆ ಕೈಯಲ್ಲಿ ಹಿಡಿದು ನಿಂತಿದ್ದಾನೆ, ಹಾಕಲೇ ಬೇಡವೇ ಎಂದು ಗೃಹಸ್ಥರು ಕೇಳಿದಾಗ ನಮ್ಮ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮಾಮೂಲಿ ಬ್ರೇಕ್ ಆಯಿಲ್ ಖನಿಜ ತೈಲವಲ್ಲ, ಗ್ಲೈಕಾಲ್ ಜಾತಿಯದು. ಹೈಡ್ರಾಲಿಕ್ ಎಣ್ಣೆಗೆ ತಕ್ಕ ನೈಟ್ರೈಲ್ ರಬ್ಬರಿನ ಸೀಲುಗಳಿಗೆ ಅದು ತಾಗಿದರೆ ಅವು ಉಬ್ಬಿ ಮೆತ್ತಗಾಗಿ ಹಾಳಾಗುತ್ತವೆ. ಪಂಪಿನಿಂದ ಹಿಡಿದು ವಾಲ್ವಿನವರೆಗೆ ಎಲ್ಲವನ್ನೂ ಬಿಚ್ಚಿ ತೊಳೆಯಬೇಕಾಗುತ್ತದೆ. ಹಾಕಬೇಡಿ ಎಂದೆವು, ಯಾವ ಹೋಸನ್ನೂ ಸಡಿಲಿಸಬೇಡಿ ಎಂದೂ ಹೇಳಿದೆವು. ಒತ್ತಡದಲ್ಲಿರುವ ಎಣ್ಣೆ ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮಿದರೂ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಗಾಯ ಮುಳ್ಳು ಚುಚ್ಚಿದಷ್ಟೇ ಕಾಣುತ್ತದೆ. ತಡಮಾಡಿದರೆ ಬೆರಳನ್ನೇ ಕಳೆದುಕೊಳ್ಳಬೇಕಾಗುತ್ತದೆ. ನಮ್ಮ ಕಸುಬಿನವರು ತಮ್ಮ ಹುಡುಗರಿಗೆ ಮೊದಲ ದಿನ ಹೇಳಬೇಕಾದ ಮಾತು ಇದು.

"ನಾವು ಬರುತ್ತೇವೆ, ಬೆಳಗಿನವರೆಗೆ ಏನನ್ನೂ ಮುಟ್ಟಬೇಡಿ" ಎಂದು ಹೇಳಿ ಹೊರಟೆವು.

ತುಮಕೂರು, ಚಿತ್ರದುರ್ಗ, ಹೊಸಪೇಟೆ, ಕುಷ್ಟಗಿ, ಇಳಕಲ್ಲು, ಹುನಗುಂದ. ಸುಮಾರು 450 ಕಿಲೋಮೀಟರ್ ದಾರಿ. ಶೆಡ್ಡಿನ ಹುಡುಗ ವ್ಯಾನು ಓಡಿಸಿದ. ಹಿಂದೆ ಸೀಲುಗಳು, ಇನ್ನೊಂದು ಪಂಪು, ಎರಡು ಡಬ್ಬಿ ಎಣ್ಣೆ, ಮೀಟರು, ವೈರುಗಳು. ಚಿತ್ರದುರ್ಗದವರೆಗೂ ನಾವಿಬ್ಬರೂ ಮಾತನಾಡಲಿಲ್ಲ. ಆಮೇಲೆ ಲೆಕ್ಕ ಇಡುವವರು ಮೆಲ್ಲಗೆ, "ರಾತ್ರಿ ಹೆಚ್ಚು ಅಂತ ಅವರು ಅವತ್ತೇ ಹೇಳಿದ್ದರಲ್ಲ" ಎಂದರು. ಆ ಒಂದು ಮಾತಿನಿಂದ ಎಲ್ಲವೂ ಬೆಳಕಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ನಡೆದದ್ದು ಹಾಗಲ್ಲ. ಪಂಪೇ ಹೋಗಿರಬೇಕು ಎಂದು ಹೊಸಪೇಟೆಯವರೆಗೂ ವಾದ ಮಾಡಿದೆವು.

ಕೃಷ್ಣೆ ಮಲಪ್ರಭೆಯರು ಕೂಡುವ ಆ ನೆಲ ಬಸವಣ್ಣನವರು ವಿದ್ಯೆ ಕಲಿತು ಬೆಳೆದ, ಕಡೆಗೆ ಐಕ್ಯರಾದ ತಾಣ. ನಾರಾಯಣಪುರದಲ್ಲಿ ಬಸವಸಾಗರ ಅಣೆಕಟ್ಟು ಆದ ಮೇಲೆ ಹಿನ್ನೀರು ಏರಿ ಬಂದುದರಿಂದ ಐಕ್ಯಸ್ಥಳದ ಸುತ್ತ ಬಾವಿಯಂತೆ ಗುಂಡನೆಯ ಗೋಡೆ ಕಟ್ಟಿ ರಕ್ಷಿಸಿದ್ದಾರೆ, ಮೆಟ್ಟಿಲಿಳಿದು ಹೋಗಬೇಕು. ಅದರ ದರ್ಶನಕ್ಕೆಂದು ನಾವು ಎಷ್ಟೋ ಸಲ ಹೋಗಿದ್ದೇವೆ. ಅಂದು ಸೋಮವಾರ ಬೆಳಗಿನಲ್ಲಿ, ಭಕ್ತರ ಸಾಲು ಬೆಳೆಯುತ್ತಿದ್ದಾಗ, ನಾವು ಅತ್ತ ತಿರುಗಿಯೂ ನೋಡದೆ ವಾಹನಗಳ ನಿಲುಗಡೆಯ ಕಡೆಗೆ ನಡೆದೆವು.

ತಾಯಿಯವರು ಹಾಸಿಗೆಯ ಮೇಲೆಯೇ ದಿಂಬಿಗೊರಗಿ ಕುಳಿತು, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಪೂಜೆಯಲ್ಲಿದ್ದರು. ಅವರ ಪೂಜೆ ಮುಗಿಯುವ ತನಕ ಗುಂಡಿ ಒತ್ತಬಾರದೆಂದು ಮಗ ಹೇಳಿದರು. ಹಾಗೆ ಕಾಯಬೇಕಾಗಿ ಬಂದದ್ದು ನಮಗೆ ಒಳ್ಳೆಯದೇ ಆಯಿತು. ಬಂದ ರಭಸಕ್ಕೆ ನಾವು ಪಂಪನ್ನು ಕಳಚಿಬಿಡುತ್ತಿದ್ದೆವು. ಅರ್ಧ ಗಂಟೆ ಕೈಕಟ್ಟಿ ನಿಂತಾಗ ಬೇರೆ ದಾರಿಯಿಲ್ಲದೆ ಮೀಟರು ಕೈಗೆ ಬಂತು. ಗುಂಡಿ ಒತ್ತದೆ ಬ್ಯಾಟರಿಯ ತುದಿಗಳಲ್ಲಿ ಅಳೆದರೆ 12.6 ವೋಲ್ಟ್, ಬ್ಯಾಟರಿಗೆ ಕುಂದಿಲ್ಲ.

ಪೂಜೆ ಮುಗಿದು, ಮಂಚವನ್ನು ಇಬ್ಬರು ಹಿಡಿದು ಒಳಗೆ ಸರಿಸಿದ ಮೇಲೆ ಗುಂಡಿ ಒತ್ತಿಸಿ ಅಳೆಯತೊಡಗಿದೆವು. ಒಮ್ಮೆಗೆ ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ಒತ್ತಬಾರದು, ಮೋಟಾರು ಕಾಯುತ್ತದೆ. ಮೋಟಾರು ನರಳುತ್ತಿರುವಾಗ ಬ್ಯಾಟರಿಯಲ್ಲಿ 11.6 ವೋಲ್ಟ್ ಇತ್ತು. ಅದೇ ಗಳಿಗೆಯಲ್ಲಿ ಮೋಟಾರಿನ ಬಳಿ ಅಳೆದರೆ 8.8 ಮಾತ್ರ. ದಾರಿಯಲ್ಲಿ 2.8 ವೋಲ್ಟ್ ಎಲ್ಲಿಯೋ ಸೋರಿಹೋಗುತ್ತಿದೆ! ಎಣ್ಣೆ ಸೋರುವುದನ್ನು ಮೂವತ್ತು ವರ್ಷದಿಂದ ಹುಡುಕುತ್ತ ಬಂದ ನಾವು ವಿದ್ಯುತ್ತು ಸೋರುವುದನ್ನು ನೋಡಿರಲಿಲ್ಲ. ಬ್ಯಾಟರಿಯ ಪಾಸಿಟಿವ್‌ನಿಂದ ಮೋಟಾರಿನವರೆಗೆ ಅಳೆದಾಗ ಸಿಕ್ಕಿದ್ದು 0.4. ಬ್ಯಾಟರಿಯ ನೆಗೆಟಿವ್‌ನಿಂದ ಮೋಟಾರಿನ ಮೈಯವರೆಗೆ ಅಳೆದಾಗ 2.4. ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕಾದಲ್ಲಿ ಎರಡೂವರೆಯ ಹತ್ತಿರ.

ಪಂಪಿನ ಕೆಳಗೆ ನುಗ್ಗಿ ನೋಡಿದರೆ, ಅರ್ಥಿಂಗ್ ಕೇಬಲ್ಲಿನ ಕಿವಿಯನ್ನು ಚಾಸಿಗೆ ಒಂದು ಬೋಲ್ಟಿನಿಂದ ಬಿಗಿದಿದ್ದರು. ಚಾಸಿಗೆ ಬಳಿದ ಕಪ್ಪು ಬಣ್ಣವನ್ನು ಕೆರೆಯದೆ ಅದರ ಮೇಲೆಯೇ ಬಿಗಿದಿದ್ದರು. ಬಣ್ಣದ ಅಡಿಯಲ್ಲಿ ಮಳೆಗಾಲದ ತುಕ್ಕು. ಬೋಲ್ಟಿನ ಎಳೆಗಳ ಮೂಲಕ ಅಷ್ಟಿಷ್ಟು ಕರೆಂಟು ಹರಿಯುತ್ತ ಇಷ್ಟು ದಿನ ಹೇಗೋ ನಡೆದಿತ್ತು. ಕೈಯಿಟ್ಟರೆ ಸುಡುತ್ತಿತ್ತು, ಸುತ್ತಲಿನ ಬಣ್ಣ ಗುಳ್ಳೆಯೆದ್ದಿತ್ತು. ಹಾಗಾಗುವುದರಲ್ಲಿ ಆಶ್ಚರ್ಯವಿಲ್ಲ. ಮೋಟಾರು ಎಳೆಯುತ್ತಿದ್ದದ್ದು 120 ಆಂಪಿಯರ್. ಒಂದು ಓಮಿನ ಐವತ್ತನೆಯ ಒಂದು ಪಾಲು ಅಡ್ಡಿಯಿದ್ದರೂ ಅಲ್ಲಿ 2.4 ವೋಲ್ಟ್ ನಷ್ಟವಾಗುತ್ತದೆ. ಆ ಒಂದು ಬೋಲ್ಟಿನಲ್ಲಿ ಸುಮಾರು 290 ವ್ಯಾಟಿನಷ್ಟು ಶಾಖ ಹುಟ್ಟುತ್ತದೆ. ಎಂಜಿನ್ ಓಡುತ್ತಿದ್ದರೆ ಆಲ್ಟರ್ನೇಟರ್ 14 ವೋಲ್ಟಿನ ಹತ್ತಿರ ಕೊಡುವುದರಿಂದ ಅಷ್ಟು ಸೋರಿದರೂ ಮೋಟಾರಿಗೆ ಸಾಕಾಗುತ್ತಿತ್ತು. ದೊಡ್ಡನೆಕ್ಕುಂದಿಯಲ್ಲಿ ಹತ್ತಕ್ಕೆ ಹತ್ತು ಸಲ ಕೋಣೆ ಒಳಗೆ ಬಂದದ್ದರ ಗುಟ್ಟು ಇದು. ಮಳೆಯಲ್ಲಿ ತುಕ್ಕು ಇನ್ನಷ್ಟು ಹಬ್ಬಿ, ಅಂಚಿನ ರಬ್ಬರು ನೆನೆದು ಅಂಟಿಕೊಂಡಾಗ ಅದೂ ಸಾಲದಾಯಿತು.

ಊಹೆಯನ್ನು ಪರೀಕ್ಷಿಸದೆ ಕೆಲಸಕ್ಕೆ ಇಳಿಯಬಾರದೆಂದು ಅಂದಾದರೂ ಬುದ್ಧಿ ಬಂದಿತ್ತು. ಬೋಲ್ಟನ್ನು ಮುಟ್ಟದೆ, ಪಕ್ಕದಲ್ಲಿದ್ದ ಲಾರಿಯವರಿಂದ ದಪ್ಪನೆಯ ಜಂಪರ್ ಕೇಬಲ್ಲು ಕೇಳಿ ತಂದು, ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ನೇರವಾಗಿ ಮೋಟಾರಿನ ಮೈಗೆ ಕಚ್ಚಿಸಿ, ಎಂಜಿನ್ ಆರಿಸಿ, ದಾರಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ಗುಂಡಿ ಒತ್ತಲು ಹೇಳಿದೆವು. ನರಳುತ್ತಿದ್ದ ಮೋಟಾರು ಗಟ್ಟಿ ದನಿ ತೆಗೆಯಿತು. ಎರಡು ರಾತ್ರಿ ಹೊರಗೆ ನಿಂತಿದ್ದ ಕೋಣೆ ಇಪ್ಪತ್ತು ಸೆಕೆಂಡಿನಲ್ಲಿ ಒಳಗೆ ಬಂತು. ಬಂದಂತೆಯೇ ಟ್ಯಾಂಕಿನ ಬಾಯಿಂದ ಎಣ್ಣೆ ಉಕ್ಕಿ ಚೆಲ್ಲಿತು. ಕೋಣೆ ಹೊರಗಿರುವಾಗ ಎಣ್ಣೆಯ ಬಹುಪಾಲು ಸಿಲಿಂಡರಿನಲ್ಲಿರುತ್ತದೆ, ಟ್ಯಾಂಕು ತಗ್ಗಿ ಕಾಣುತ್ತದೆ. ಆಗ ತುಂಬಿಸಿದರೆ ಒಳಗೆ ಬರುವಾಗ ಹೆಚ್ಚಾದದ್ದೆಲ್ಲ ಹೊರಗೆ ಬರಲೇಬೇಕು. ಎಣ್ಣೆಯ ಮಟ್ಟವನ್ನು ನೋಡುವುದಾಗಲಿ ತುಂಬುವುದಾಗಲಿ ಕೋಣೆ ಪೂರ್ತಿ ಒಳಗಿರುವಾಗಲೇ. ಟಿಪ್ಪರಿಗೂ ಟ್ರೈಲರಿಗೂ ಇದೇ ಮಾತು: ತೊಟ್ಟಿ ಇಳಿದಿರುವಾಗ ನೋಡಬೇಕು.

ಉಳಿದದ್ದು ಅರ್ಧ ಗಂಟೆಯ ಕೆಲಸ. ಬೋಲ್ಟು ಬಿಚ್ಚಿ, ಚಾಸಿಯನ್ನು ಎಮರಿ ಕಾಗದದಿಂದ ಬೆಳ್ಳಿಯ ಹಾಗೆ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆವು. ಮತ್ತೆ ಅಳೆದಾಗ ನೆಗೆಟಿವ್ ಬದಿಯ ನಷ್ಟ 0.2 ವೋಲ್ಟ್. ತಗಲಿದ ಖರ್ಚು, ಒಂದು ವಾಷರ್. ಬಂಡಿಯ ಕಡೆಗೀಲನ್ನು ಕುರಿತು ದೇವರ ದಾಸಿಮಯ್ಯನವರು ಹೇಳಿದ ವಚನ ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಾಯಿಪಾಠ. ವಾಹನದ ಕೆಳಗೆ ಕೆಸರಿನಲ್ಲಿ ಅಂಗಾತ ಮಲಗಿಕೊಂಡು ಆ ಬೋಲ್ಟನ್ನು ಬಿಗಿಯುವಾಗ ಅದು ನೆನಪಾಗದೆ ಇರಲಿಲ್ಲ.

ತಾಯಿಯವರು ನಮ್ಮನ್ನು ಒಳಗೆ ಕರೆಸಿ ಕೂರಿಸಿದರು. ಸಿಟ್ಟಿನ ಸುಳಿವಿಲ್ಲ.

"ನಮ್ಮ ಚಕ್ಕಡಿಗೆ ಕೀಲೆಣ್ಣಿ ಹಾಕಿದ್ರ ಸೀದಾ ಉಳವಿ ಮುಟ್ಟತಿತ್ತು. ಇದು ಏನ್ ಬೇಡತೈತಿ ತಮ್ಮಾ?"

"ಇದು ಎಣ್ಣೆ ಕೇಳಿರಲೇ ಇಲ್ಲ ತಾಯಿ. ನಾವೇ ಸುಮ್ಮನೆ ಎಣ್ಣೆ ಹಾಕಿ ದುಡ್ಡು ತಗೊಂಡೆವು."

ಅವರು ಲೆಕ್ಕ ಇಡುವವರ ಕಡೆಗೆ ತಿರುಗಿ, "ಯವ್ವಾ, ನಿನಗ ಗೊತ್ತಿತ್ತೇನ?" ಎಂದರು. "ಕೇಳಿದ್ದೆ ತಾಯಿ, ಆದರೆ ಒತ್ತಿ ಕೇಳಲಿಲ್ಲ" ಎಂಬ ಉತ್ತರಕ್ಕೆ ತಾಯಿಯವರು ಬಹಳ ಹೊತ್ತು ನಕ್ಕರು. "ಒತ್ತಿ ಕೇಳಬೇಕವ್ವಾ, ಗಂಡಸ್ರಿಗೆ ಒಮ್ಮಿ ಹೇಳಿದ್ರ ಕೇಳಂಗಿಲ್ಲ." ನಗದೆ ಉಳಿದವರು ಅಲ್ಲಿ ಒಬ್ಬರೇ.

ಸೀಲು, ಕೂಲಿ, ಎಣ್ಣೆ ಎಂದು ತೆಗೆದುಕೊಂಡ ಹಣವನ್ನು ಲಕೋಟೆಯಲ್ಲಿ ಹಾಕಿಕೊಂಡೇ ಹೋಗಿದ್ದೆವು. ಸತ್ಯಶುದ್ಧ ಕಾಯಕವೆಂದು ಸಭೆಗಳಲ್ಲಿ ನಾವೂ ಮಾತನಾಡಿದವರು. ಆದರೆ ಗೃಹಸ್ಥರು ಬೇಡವೆನ್ನುತ್ತಾರೆ, ಇಷ್ಟು ದೂರ ಬಂದಿರಲ್ಲ ಎನ್ನುತ್ತಾರೆ, ಆಗ ಒಂದೆರಡು ಸಲ ಒತ್ತಾಯಿಸಿ ಸುಮ್ಮನಾಗಬಹುದು ಎಂಬ ಲೆಕ್ಕಾಚಾರ ಮನಸ್ಸಿನ ಮೂಲೆಯಲ್ಲಿ ಇತ್ತೆಂಬುದನ್ನು ಬಚ್ಚಿಡಲಾರೆವು. ಅವರು ಲಕೋಟೆ ತೆಗೆದುಕೊಂಡರು, ಹಣ ಎಣಿಸಿದರು, ಕಿಸೆಯಲ್ಲಿ ಇಟ್ಟುಕೊಂಡರು. "ನೀವ ಕೊಡದಿದ್ರ ನಾನ ಕೇಳಾವ ಇದ್ದೆ. ಈಗ ಇಂದಿನ ಕೂಲಿ ಎಷ್ಟ ಹೇಳ್ರಿ" ಎಂದರು. ಕೂಲಿಯನ್ನು ಕೊಟ್ಟರು, ನಾವೂ ತೆಗೆದುಕೊಂಡೆವು. ಅಂಥ ನೇರವಾದ ವ್ಯವಹಾರವನ್ನು ನಾವು ಬೇರೆಡೆ ಹೆಚ್ಚು ಕಂಡಿಲ್ಲ. ಅವರ ವಾಹನ ಮಧ್ಯಾಹ್ನದ ಒಳಗೆ ಹುಬ್ಬಳ್ಳಿಯ ಕಡೆಗೆ ಹೊರಟಿತು. ನಾವು ಐಕ್ಯಸ್ಥಳದ ಮೆಟ್ಟಿಲಿಳಿದು ಶರಣು ಮಾಡಿ, ದಾಸೋಹದಲ್ಲಿ ಪ್ರಸಾದ ಸ್ವೀಕರಿಸಿ ಹಿಂತಿರುಗಿದೆವು.

ಬೆಂಗಳೂರಿಗೆ ಬಂದು ತಿಂಗಳಾಗುವುದರೊಳಗೆ, ಆ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಹೊರವರ್ತುಲ ರಸ್ತೆಯ ಎಷ್ಟೋ ಭಾಗಗಳು ನೀರಿನಲ್ಲಿ ಮುಳುಗಿದ್ದನ್ನು ಓದುಗರು ಪತ್ರಿಕೆಗಳಲ್ಲಿ ನೋಡಿರಬಹುದು. ನಮ್ಮ ಶೆಡ್ಡಿಗೂ ಮೊಣಕಾಲುದ್ದ ನೀರು ನುಗ್ಗಿತ್ತು. ಅದರ ಕಥೆ ಬೇರೆ. ನೀರು ಇಳಿದ ಮೇಲೆ ಗೋಡೆಗೆ ಸುಣ್ಣ ಬಳಿಸಿದಾಗ ಲೆಕ್ಕ ಇಡುವವರು ತಮ್ಮ ಕೈಯಾರೆ ಒಂದು ಹಲಗೆ ಬರೆದು ತೂಗುಹಾಕಿದರು: ಸಿಲಿಂಡರು ಬಿಚ್ಚುವ ಮೊದಲು ಭಾರದಲ್ಲಿ ವೋಲ್ಟು ನೋಡಿ, ಗಿರಾಕಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಈಗ ಬಿಲ್ಲಿನ ಪುಸ್ತಕದ ಪಕ್ಕದಲ್ಲಿ ಅದಕ್ಕೆಂದೇ ಇನ್ನೊಂದು ಪುಸ್ತಕವಿದೆ. ಬೋಲ್ಟನ್ನು ಹಾಗೆ ಬಿಗಿದವರು ಯಾರೆಂದು ಹುಡುಗರು ಕೇಳುವುದುಂಟು. ಅವರ ತಪ್ಪು ಒಂದು ಬೋಲ್ಟಿನದು. ಅದನ್ನು ನೋಡದೆ ದುಡ್ಡು ತೆಗೆದುಕೊಂಡ ನಮ್ಮ ತಪ್ಪು ಅದಕ್ಕಿಂತ ಚಿಕ್ಕದೇನಲ್ಲ. ಇಂಥ ಕೋಣೆ ಕಟ್ಟಿಸುವವರಿಗೆ ನಾವು ಹೇಳುವುದು ಒಂದೇ. ವಿದ್ಯುತ್ತು ಪೂರ್ತಿ ಕೈಕೊಟ್ಟರೂ ಕೋಣೆಯನ್ನು ಒಳಗೆ ತರಲು ಒಂದು ಕೈಪಂಪನ್ನು ಮೊದಲೇ ಇರಿಸಿಕೊಳ್ಳಿ, ಅದನ್ನು ವರ್ಷಕ್ಕೊಮ್ಮೆ ಆಡಿಸಿ ನೋಡಿ. ಆ ವಾಹನದಲ್ಲಿ ಅದು ಇರಲಿಲ್ಲ. ಆಮೇಲೆ ನಾವೇ ಹಾಕಿಕೊಟ್ಟೆವು.

ತಾಯಿಯವರು ಮುಂದಿನ ಮಾಘದಲ್ಲಿ ಉಳವಿಗೆ ಹೋಗಿಬಂದರೆಂದು ಮೊಮ್ಮಗ ಹೇಳಿದ. ಬಸವಕಲ್ಯಾಣ ಆಗಲಿಲ್ಲ. 2024ರಲ್ಲಿ ಅವರು ಲಿಂಗೈಕ್ಯರಾದರು. ಅದೇ ವರ್ಷದ ಕೊನೆಗೆ ವಾಹನ ಮತ್ತೆ ನಮ್ಮ ಶೆಡ್ಡಿಗೆ ಬಂದಿತು. ಚಾಲಕನ ಜಾಗದಿಂದ ಗೃಹಸ್ಥರೇ ಇಳಿದರು. ಕೋಣೆಯನ್ನು ಶಾಶ್ವತವಾಗಿ ಒಳಗೆ ಸೇರಿಸಿ ವೆಲ್ಡ್ ಮಾಡಿಬಿಡಿ, ಇನ್ನು ಅದರ ಕೆಲಸವಿಲ್ಲ ಎಂದು ಹೇಳಲು ಬಂದಿದ್ದವರು, ಚಹಾ ಕುಡಿಯುತ್ತ ಕುಳಿತವರು, ಸ್ವಲ್ಪ ಹೊತ್ತಿನ ಮೇಲೆ, "ಬ್ಯಾಡ ಬಿಡ್ರಿ. ನಮ್ಮ ಮನಿಯಾಕಿಗೂ ಈಗ ಮೊಣಕಾಲ ನೋವು. ಒಮ್ಮಿ ಹೊರಗ ತಗದು ನೋಡೂಣು" ಎಂದರು.

ನಾವು ಮೊದಲು ಎಂಜಿನ್ ಆರಿಸಲು ಹೇಳಿದೆವು.